ಸಲೀಂ ಅಲಿ ಜಯಂತಿಗೆ ಗೀಜಗನ ಗೂಡು ಕಿತ್ತು ತರಬೇಡಿ

ಪಕ್ಷಿತಜ್ಞ ಸಲೀಂ ಅಲಿ ಜಯಂತಿ ಕಾರ್ಯಕ್ರಮವೊಂದರ ಫೋಟೊ ನೋಡಿದಾಗಿನಿಂದ ಸಿಟ್ಟು ಇಳಿದಿಲ್ಲ. ವೇದಿಕೆಯ ಹಿಂದೆ ಹಗ್ಗ ಕಟ್ಟಿ ಹನ್ನೊಂದು ಗೀಜಗನ ಗೂಡು ತೂಗುಹಾಕಿದ್ದಾರೆ. ಕೊನೆಗೆ ಅತಿಥಿಗಳಿಗೆ ಶಾಲು, ಹಾರದ ಜೊತೆ ಒಂದೊಂದು ಗೂಡು ನೆನಪಿನ ಕಾಣಿಕೆ. ಯಾವ ಊರು, ಯಾರು ಮಾಡಿದ್ದು ಅಂತ ಬರೆಯೋದಿಲ್ಲ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ ಅಂತ ಗೊತ್ತು. ಆದರೂ, ಗೀಜಗನ ಗೂಡೇ ಬೇಕಿತ್ತಾ?

ಸಲೀಂ ಅಲಿ ಹೆಸರು ಗೀಜಗದ ಜೊತೆ ಬೆಸೆದುಕೊಂಡಿದೆ ಮಾರಾಯ್ರೇ. 1926ರಲ್ಲಿ ಅವರಿಗೆ ಮುಂಬೈ ಮ್ಯೂಸಿಯಂನಲ್ಲಿ ಬಂದವರಿಗೆ ಪ್ರಾಣಿಪಕ್ಷಿಗಳ ಬಗ್ಗೆ ವಿವರಿಸುವ ಕೆಲಸ ಸಿಕ್ಕಿತ್ತು. ಜರ್ಮನಿಗೆ ಹೋಗಿ ಪಕ್ಷಿಶಾಸ್ತ್ರ ಕಲಿತು ವಾಪಸ್ ಬಂದರೆ ಆ ಹುದ್ದೆಯೇ ಇಲ್ಲ. ಕೆಲಸವಿಲ್ಲದೆ ಕಿಹಿಂ ಎಂಬ ಕಡಲಂಚಿನ ಹಳ್ಳಿಗೆ ಹೋಗಿ ಕೂತವರು 1930ರ ಮಳೆಗಾಲದಲ್ಲಿ ಗೀಜಗಗಳ ಸಂಸಾರವನ್ನು ದಿನದಿನವೂ ನೋಡಿ ಬರೆದಿಟ್ಟರು.

ಅವರು ಕಂಡದ್ದೇನು? ಗಂಡು ಭತ್ತದ್ದೋ ಕಬ್ಬಿನದ್ದೋ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ತುದಿ ಹಿಡಿದು ಹಾರುತ್ತದೆ. ಗೇಣಿನಿಂದ ಮೊಳದುದ್ದದ ಎಳೆ ಸೀಳಿಕೊಂಡು ಬರುತ್ತದೆ. ಒಂದು ಗೂಡಿಗೆ ಹೀಗೆ ಸುಮಾರು 500 ಓಡಾಟ, 18 ದಿನದಷ್ಟು ಕೆಲಸ. ಮೊದಲು ಕೊಂಬೆಗೆ ಗಂಟು, ಆಮೇಲೆ ಬಳೆ, ಆಮೇಲೆ ತಲೆಕೆಳಗಾದ ಬುಟ್ಟಿ. ಅಲ್ಲಿಗೆ ನಿಲ್ಲಿಸಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಒಳಹೊಕ್ಕು, ಎಳೆದು ಜಗ್ಗಿ ನೋಡಿ ಒಪ್ಪಿದರೆ ಮಾತ್ರ ಮೊಟ್ಟೆಯ ಕೋಣೆ, ಒಳಹೋಗಲು ಉದ್ದನೆಯ ಕೊಳವೆ. ಒಪ್ಪದಿದ್ದರೆ ಅದು ಅರೆಗೂಡಾಗಿಯೇ ಉಳಿಯುತ್ತದೆ. ಹೆಣ್ಣು ಕಾವಿಗೆ ಕೂತಿತೋ, ಗಂಡು ಹತ್ತಿರದಲ್ಲೇ ಇನ್ನೊಂದು ಗೂಡಿಗೆ ಗಂಟು ಹಾಕುತ್ತದೆ. ಒಂದೇ ಗಂಡಿಗೆ ಒಂದಾದ ಮೇಲೊಂದು ಸಂಸಾರ ಅನ್ನುವುದನ್ನು ಬಿಡಿಸಿ ತೋರಿಸಿದ್ದು ಸಲೀಂ ಅಲಿ.

ಈಗ ಆ ಫೋಟೊ ದೊಡ್ಡದು ಮಾಡಿ ನೋಡಿ. ಏಳು ಅರೆಗೂಡು. ನಾಲ್ಕಕ್ಕೆ ಪೂರ್ತಿ ಕೊಳವೆ ಇದೆ, ಅಂದರೆ ಹೆಣ್ಣು ಒಪ್ಪಿದ ಗೂಡುಗಳು. ಅದರಲ್ಲಿ ಎರಡರ ಕೊಳವೆಯ ತುದಿ ಇನ್ನೂ ಹಸಿರು! ನೇಯ್ದ ಎಳೆ ಬಿಸಿಲಿಗೆ ಬೇಗ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಹಸಿರಿದೆ ಅಂದರೆ ಮೊನ್ನೆ ಮೊನ್ನೆ ನೇಯ್ದದ್ದು. ಕೀಳುವಾಗ ಒಳಗೆ ಎರಡೋ ನಾಲ್ಕೋ ಮೊಟ್ಟೆ ಇತ್ತೋ, ಮರಿ ಇತ್ತೋ, ಯಾರಾದರೂ ನೋಡಿದರಾ?

"ಹಕ್ಕಿ ಬಿಟ್ಟುಹೋದ ಗೂಡು ಸಾರ್, ಏನು ನಷ್ಟ" ಅಂತ ಕಾಮೆಂಟಿನಲ್ಲಿ ಬರುತ್ತದೆ, ಗೊತ್ತು. ಬಿಟ್ಟುಹೋಗಿದೆ ಅಂತ ಮರದ ಕೆಳಗೆ ನಿಂತು ಹೇಳಲಾಗುವುದಿಲ್ಲ. ಕಾವಿಗೆ ಕೂತ ಹೆಣ್ಣು ಬಹಳ ಹೊತ್ತು ಹೊರಗೆ ಕಾಣುವುದೇ ಇಲ್ಲ. ನಿಜಕ್ಕೂ ಬಿಟ್ಟ ಗೂಡಾದರೂ ಅದು ವ್ಯರ್ಥವಲ್ಲ, ರಾಟವಾಳ ಎಂಬ ಪುಟ್ಟ ಹಕ್ಕಿಗಳು ಹಳೇ ಗೀಜಗನ ಗೂಡಿನಲ್ಲಿ ಮೊಟ್ಟೆ ಇಡುತ್ತವೆ. ಇನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ಕೈಹಾಕುವುದನ್ನೂ ಬೇಟೆ ಅಂತಲೇ ಎಣಿಸುತ್ತದೆ. ಆ ವೇದಿಕೆಯಲ್ಲಿ ನಿಂತು ಸಂರಕ್ಷಣೆಯ ಭಾಷಣ!

ಸಲೀಂ ಅಲಿಯವರನ್ನು ಗೌರವಿಸಬೇಕಾ? ಖಂಡಿತ ಗೌರವಿಸಿ. 1940ರಲ್ಲಿ ಮೈಸೂರು ಅರಸರಿಗೆ ಹೇಳಿ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿಸಿದವರು, ನಮ್ಮ ಮೇಲೆ ಅವರ ಋಣ ದೊಡ್ಡದು. ಅದಕ್ಕೆ ಅವರು ಮಾಡಿದ ಕೆಲಸವನ್ನೇ ಮಕ್ಕಳ ಕೈಲಿ ಮಾಡಿಸಿ. ಊರ ಬಾವಿ ಮೇಲೆ ಬಾಗಿದ ಜಾಲಿಯೋ, ಹೊಲದ ಬದುವಿನ ಈಚಲೋ ಹುಡುಕಿ. ಮೂವತ್ತು ಹೆಜ್ಜೆ ದೂರ ಕೂರಿಸಿ, ಹತ್ತಿರ ಹೋದರೆ ಹೆಣ್ಣು ಒಳಗೆ ಬರಲು ಹೆದರುತ್ತದೆ. ಮೊದಲ ಮಳೆ ಬಿದ್ದ ಮೇಲೆ ವಾರಕ್ಕೊಂದು ದಿನ, ಬೆಳಗ್ಗೆ ಏಳರಿಂದ ಎಂಟು. ಮರದ ಚಿತ್ರ ಬರೆದು ಪ್ರತಿ ಗೂಡಿಗೂ ಒಂದು ನಂಬರ್. ಪುಸ್ತಕದಲ್ಲಿ ತಾರೀಖು, ಮಳೆ ಬಂತೋ ಇಲ್ಲವೋ, ಯಾವ ನಂಬರ್ ಯಾವ ಹಂತದಲ್ಲಿದೆ: ಗಂಟು, ಬಳೆ, ಬುಟ್ಟಿ, ಕೊಳವೆ. ಗಂಡು ಹಳದಿ ನೆತ್ತಿಯದು. ಕಂದು ಬಣ್ಣದ ಹೆಣ್ಣು ಒಳಗೆ ಹೋದರೆ ಆ ನಂಬರಿನ ಮುಂದೆ ಒಂದು ಗೀಟು.

ತಪ್ಪಾಗುವುದು ಎಣಿಕೆಯಲ್ಲಿ. ಇಪ್ಪತ್ತು ಗೂಡು ಕಂಡರೆ ಇಪ್ಪತ್ತು ಜೋಡಿ ಅಂತ ಬರೆದುಬಿಡುತ್ತಾರೆ. ಒಂದೇ ಗಂಡಿನದು ಮೂರ್ನಾಲ್ಕು ಗೂಡಿರಬಹುದು, ಅರ್ಧಕ್ಕರ್ಧ ಹೆಣ್ಣು ತಿರಸ್ಕರಿಸಿದವೂ ಆಗಿರಬಹುದು. ಕೊಳವೆ ಇರುವುದನ್ನು ಬೇರೆಯಾಗಿ ಎಣಿಸಿ. ಮರಿಗೆ ಹುಳ ಹೊತ್ತು ತರುವುದು ಕಂಡರೆ ಮಾತ್ರ ಸಂಸಾರ ನಡೆದಿದೆ ಅಂತ ಬರೆಯಿರಿ.

ನವೆಂಬರ್ 12ರ ಅವರ ಜಯಂತಿಗೆ ಸಭೆ, ಶಾಲು, ಹಾರ ಎಲ್ಲಾ ಇರಲಿ. ಗೂಡು ತೂಗುಹಾಕಿದ ಜಾಗದಲ್ಲಿ ಮಕ್ಕಳ ಆ ನೋಟ್‌ಬುಕ್ ಇಡಿ, ಬಂದ ಅತಿಥಿ ಭಾಷಣಕ್ಕೆ ಮೊದಲು ಅದನ್ನು ಓದಲಿ.