ಆಲೂಗಡ್ಡೆ ಮೂಟೆ ಹೊತ್ತ ಚಾಂಪಿಯನ್

ನಮ್ ಕೊಡಗಲ್ಲಿ ಆಟ ಅಂದ್ರೆ ಹಾಕಿ. ಏಪ್ರಿಲ್ ಬಂತಂದ್ರೆ ಹಾಕಿ ನಮ್ಮೆ, ಅಂದ್ರೆ ಕೊಡವ ಮನೆತನಗಳ ಹಾಕಿ ಹಬ್ಬ, ಮನೆಮಂದಿಯೆಲ್ಲಾ ಮೈದಾನದಲ್ಲೇ ಇರ್ತಾರೆ, ಹಳೇ ಪ್ಲೇಯರ್‌ಗಳ ಹೆಸ್ರು ಅಜ್ಜಂದ್ರ ಬಾಯಲ್ಲಿ ಈಗ್ಲೂ ಇದೆ. ಜಿಮ್ನಾಸ್ಟಿಕ್ಸ್ ಅಂತ ಕೇಳಿದ್ರೆ ಮಾತ್ರ ನಾಡಿಯಾ ಕೊಮನೆಚಿ, 1976, ಹತ್ತಕ್ಕೆ ಹತ್ತು, ಅಲ್ಲಿಗೆ ಮುಗೀತು. ಅವರಿಗಿಂತ ಮುಂಚೆ ವೇರಾ ಚಾಸ್ಲಾವ್ಸ್ಕಾ ಅಂತ ಒಬ್ರಿದ್ರು, ಚೆಕೊಸ್ಲೊವಾಕಿಯಾದವರು. ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ, ಟೀಮ್‌ದು ಒಂದೂ ಅಲ್ಲ, ಏಳೂ ಒಬ್ರೇ ಗೆದ್ದಿದ್ದು. 1964ರ ಟೋಕಿಯೋ, 1968ರ ಮೆಕ್ಸಿಕೋ ಎರಡರಲ್ಲೂ ಆಲ್‌ರೌಂಡ್ ಚಾಂಪಿಯನ್, ಅಂದ್ರೆ ಎಲ್ಲಾ ವಿಭಾಗದ ಅಂಕ ಸೇರಿಸಿದ್ರೆ ಇವ್ರೇ ಮೊದಲು.

ನಂಗೆ ಮರೆಯಕ್ಕಾಗದೇ ಇರೋದು ಆ 68ರ ಆಗಸ್ಟ್. ಸೋವಿಯತ್ ಟ್ಯಾಂಕ್‌ಗಳು ದೇಶದೊಳಗೆ ನುಗ್ಗಿದ್ವು, ಸುಧಾರಣೆ ಬೇಕು ಅನ್ನೋ ಪ್ರಣಾಳಿಕೆಗೆ ಇವ್ರು ಮೊದ್ಲೇ ಸಹಿ ಹಾಕಿದ್ರಿಂದ ಅರೆಸ್ಟ್ ಆಗೋ ಭಯ, ಹೋಗಿ ಬೆಟ್ಟದ ಕಡೆ ಅಡಗಿಕೊಂಡ್ರು, ಒಲಿಂಪಿಕ್ಸ್‌ಗೆ ಎರಡು ತಿಂಗಳೂ ಇಲ್ಲ. ಬಾರ್ ಎಲ್ಲಿಂದ ಬರ್ಬೇಕು? ಮರದ ಕೊಂಬೆ ಹಿಡ್ಕೊಂಡು ಜೋತಾಡಿದ್ರು. ಬೀಮ್‌ಗೆ, ಅಂದ್ರೆ ಬ್ಯಾಲೆನ್ಸ್ ಮಾಡೋ ಕಿರಿದಾದ ಪಟ್ಟಿಗೆ, ಬಿದ್ದ ಮರದ ದಿಮ್ಮಿ, ವೇಟ್ಸ್‌ಗೆ ಆಲೂಗಡ್ಡೆ ಮೂಟೆ, ನೆಲದ ಮೇಲೆ ಸಂಗೀತಕ್ಕೆ ಮಾಡೋ ಫ್ಲೋರ್‌ಗೆ ಹುಲ್ಲುಗಾವಲು.

ಇದನ್ನ ಓದ್ದಾಗ ನಮ್ ತೋಟ ಕಣ್ಮುಂದೆ ಬಂತು. ಮಳೆಗಾಲದಲ್ಲಿ ತೋಡು ದಾಟಕ್ಕೆ ಹಾಕಿರೋ ಅಡಿಕೆ ಮರದ ಸಂಕ ಪಾಚಿ ಕಟ್ಟಿದ್ರೆ ಹೆಂಗಿರತ್ತೆ ಅಂತ ಇಲ್ಲಿ ಬೆಳೆದವ್ರಿಗೆ ಗೊತ್ತು, ಉಸಿರು ಬಿಗಿಹಿಡಿದು ಒಂದೊಂದೇ ಹೆಜ್ಜೆ. ಕಣದಿಂದ 50 ಕೆಜಿ ಕಾಫಿ ಮೂಟೆ ಹೊತ್ತವ್ರಿಗೂ ಗೊತ್ತು ಬೆನ್ನಿನ ಕಥೆ. ಬೀಮ್ ಅಗಲ ಬರೀ 10 ಸೆಂಟಿಮೀಟರ್, ಅದ್ರ ಮೇಲೆ ಪಲ್ಟಿ ಹೊಡೀಬೇಕು!

ಹಂಗೆ ಪ್ರಾಕ್ಟೀಸ್ ಮಾಡಿ ಮೆಕ್ಸಿಕೋದಲ್ಲಿ ನಾಲ್ಕು ಚಿನ್ನ, ಎರಡು ಬೆಳ್ಳಿ. ಫ್ಲೋರ್‌ಗೆ ಮೆಕ್ಸಿಕೋದವ್ರದ್ದೇ ಜಾನಪದ ಟ್ಯೂನ್ ಹಾಕಿಸ್ಕೊಂಡಿದ್ರು, ಜನ ಹುಚ್ಚೆದ್ದು ಹೋದ್ರು. ಆಮೇಲೆ ಸೋವಿಯತ್‌ನ ಲಾರಿಸಾ ಪೆಟ್ರಿಕ್ ಅವರ ಹಿಂದಿನ ಸುತ್ತಿನ ಅಂಕ ಏರಿಸಿ ಚಿನ್ನಾನ ಇಬ್ರಿಗೂ ಹಂಚಿದ್ರು. ಸೋವಿಯತ್ ರಾಷ್ಟ್ರಗೀತೆ ಶುರುವಾದಾಗ ವೇರಾ ತಲೆ ತಗ್ಗಿಸಿ ಮುಖ ಪಕ್ಕಕ್ಕೆ ತಿರುಗಿಸಿ ನಿಂತ್ರು. ಅಷ್ಟೇ ಮಾಡಿದ್ದು. ಆಟದಲ್ಲಿ ರಾಜಕೀಯ ಬೇಡ ಅಂತ ಹೇಳೋರು ಇದಾರೆ, ನಾನಂತೂ ಒಪ್ಪಲ್ಲ, ರಾಜಕೀಯಾನೇ ಟ್ಯಾಂಕ್ ಹತ್ಕೊಂಡು ಅವರ ಊರಿಗೆ ಬಂದಿತ್ತಲ್ಲ.

ವಾಪಸ್ ಬಂದ್ಮೇಲೆ ಸಹಿ ಹಿಂದಕ್ಕೆ ತಗೋ ಅಂದ್ರು, ತಗೊಳ್ಳಲಿಲ್ಲ. ವರ್ಷಗಟ್ಲೆ ಕೋಚಿಂಗ್ ಕೆಲ್ಸ ಕೊಡ್ಲಿಲ್ಲ. 1989ರಲ್ಲಿ ಆ ಕಮ್ಯುನಿಸ್ಟ್ ಸರ್ಕಾರ ಬಿದ್ಮೇಲೆ ಅಧ್ಯಕ್ಷ ಹಾವೆಲ್ ಅವರ ಸಲಹೆಗಾರ್ತಿ ಆದ್ರು, ಅವರ ದೇಶದ ಒಲಿಂಪಿಕ್ ಸಮಿತಿ ಅಧ್ಯಕ್ಷೆನೂ ಆದ್ರು.

2016ರ ಆಗಸ್ಟಲ್ಲಿ ನಮ್ ದೀಪಾ ಕರ್ಮಾಕರ್ ವಾಲ್ಟ್, ಅಂದ್ರೆ ಓಡಿಬಂದು ಮೇಜಿನ ಮೇಲಿಂದ ಹಾರೋದು, ನೋಡಕ್ಕೆ ನಾವೆಲ್ಲಾ ರಾತ್ರಿ ನಿದ್ದೆಗೆಟ್ಟು ಟಿವಿ ಮುಂದೆ ಕೂತಿದ್ವಿ, ನೆನಪಿದ್ಯಾ? ಅದೇ ವಾಲ್ಟ್‌ನಲ್ಲಿ ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದ ವೇರಾ ಅದೇ ತಿಂಗಳು 30ಕ್ಕೆ ತೀರಿಹೋದ್ರು, ನಮ್ಮಲ್ಲಿ ಒಬ್ರೂ ಅವರ ಹೆಸ್ರು ಎತ್ತಿದ್ದು ನಾನು ಕೇಳ್ಲಿಲ್ಲ.