ಗುಂಡಿಯೇ ಇಲ್ಲದ ಹೆದ್ದಾರಿ

ಕರ್ನಾಟಕದಲ್ಲಿ ಗುಂಡಿ ಬೀಳದ ರಸ್ತೆಯೇ ಇಲ್ಲ ಎಂದು ಬೈಯುವವರು ಸೇತುವೆ ಆಗುವ ಮೊದಲು ಸಾಗರದಿಂದ ಸಿಗಂದೂರಿಗೆ ಹೋಗಿರಲಿಕ್ಕಿಲ್ಲ. ಅಂಬಾರಗೋಡ್ಲು ದಡದಿಂದ ಕಳಸವಳ್ಳಿ ದಡದವರೆಗೆ ಬೆಳಗಾನ ಹುಡುಕಿದರೂ ಅಲ್ಲಿ ಒಂದು ಗುಂಡಿ ಸಿಗುತ್ತಿರಲಿಲ್ಲ. ಹಂಪ್ ಇಲ್ಲ, ಅಡ್ಡ ಮಲಗಿದ ಎಮ್ಮೆ ಇಲ್ಲ, ಕಳಪೆ ಡಾಂಬರಿನ ದೂರಿಲ್ಲ. ಯಾಕೆಂದರೆ ರಸ್ತೆಯೇ ಇರಲಿಲ್ಲ. ಶರಾವತಿ ಹಿನ್ನೀರಿತ್ತು, ಅದರ ಮೇಲೆ ಬಸ್ಸು, ಜನರನ್ನು ಹೊತ್ತು ದಾಟಿಸುವ ಒಂದು ಲಾಂಚ್ ಇತ್ತು.

ಇಂಥ ದಾರಿಗೆ ಸೇತುವೆಗಿಂತ ಮೊದಲೇ ರಾಷ್ಟ್ರೀಯ ಹೆದ್ದಾರಿ 369ಇ ಎಂಬ ಪದವಿಯೂ ಸಿಕ್ಕಿತು. ಪಾಯ ತೋಡುವ ಮುಂಚೆಯೇ ಬಾಗಿಲಿಗೆ ನಂಬರು ಹೊಡೆದ ಹಾಗೆ. ದೆಹಲಿಯ ನಕ್ಷೆಯಲ್ಲಿ ಗೆರೆ ದಡದಿಂದ ದಡಕ್ಕೆ ದಾಟಿತು, ಲಾಂಚ್ ಹತ್ತುವ ದಡವಾದ ಹೊಳೆಬಾಗಿಲಿನಲ್ಲಿ ಬಸ್ಸು ಕಾಯುತ್ತ ನಿಂತಿತು.

ಕಥೆ 1964ರದ್ದು. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು, ಊರುಗಳು ಮುಳುಗಿದವು. ಕೆಳಗಿನ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಬೆಂಗಳೂರಿನ ಫ್ಯಾನು ತಿರುಗಿತು. 1948ರ ಹಿರೇಭಾಸ್ಕರ ಅಣೆಕಟ್ಟೂ ಅದೇ ನೀರಿನಡಿ ಸೇರಿತು, ನೀರು ತೀರಾ ಇಳಿದ ಬೇಸಿಗೆಯಲ್ಲಿ ಮಡೆನೂರಿನ ಹತ್ತಿರ ಈಗಲೂ ತಲೆ ಎತ್ತುತ್ತದೆ. ತಾನೇ ಕಟ್ಟಿದ ಡ್ಯಾಮನ್ನು ತಾನೇ ಮುಳುಗಿಸಿದ ಸರ್ಕಾರದ ಮುಂದೆ, ನಮ್ಮೂರ ರಸ್ತೆ ಮುಳುಗಿತು ಎಂದು ಹಿನ್ನೀರಿನಾಚೆಯ ತುಮರಿ, ಬ್ಯಾಕೋಡಿನವರು ಗೊಣಗುವುದು ಸಣ್ಣತನವಲ್ಲವೇ?

ಲಾಂಚಿನ ಶಿಸ್ತನ್ನಂತೂ ಹೊಗಳಲೇಬೇಕು. ಕಬ್ಬಿಣದ ಹಲಗೆ ದಡಕ್ಕೆ ಧಡಾರನೆ ಬೀಳುತ್ತಿತ್ತು. ಮೊದಲು ಬಸ್ಸು, ಅದರ ಪಕ್ಕೆಗೆ ಜೀಪು, ಜೀಪಿನ ಬಂಪರಿಗೆ ಮಂಡಿ ತಾಗಿಸಿಕೊಂಡು ಬೈಕಿನವನು. ಉಳಿದ ಸಂದಿನಲ್ಲಿ ಕೈಚೀಲ, ಅಡಿಕೆ ಮೂಟೆ, ಬಸ್ಸಿನ ಕನ್ನಡಿಗೆ ತಲೆ ತಾಗದಂತೆ ಕತ್ತು ವಾಲಿಸಿ ನಿಂತ ಅಜ್ಜ. ಸಿಗಂದೂರು ದೇವಸ್ಥಾನಕ್ಕೆ ಬಂದ ಕಾರುಗಳ ಸಾಲು ಹಬ್ಬದ ದಿನ ದಡ ದಾಟಿ ಹಿಂದೆ ಹಿಂದೆ ಬೆಳೆಯುತ್ತಿತ್ತು. ಮನೆಗೆ ಹೋಗಬೇಕಾದ ಊರವನೂ ಆ ಭಕ್ತರ ಹಿಂದೆಯೇ. ಸಂಜೆಯಾಯಿತೋ, ಕೊನೆಯ ಲಾಂಚ್ ಹೋಯಿತು. ಆಮೇಲೆ ಹೆರಿಗೆ ನೋವು, ಹಾವಿನ ಕಡಿತ, ಎದೆನೋವು ಮೂರೂ ವೇಳಾಪಟ್ಟಿ ನೋಡಿಕೊಂಡೇ ಬರಬೇಕಿತ್ತು. ತಪ್ಪಿ ಬಂದರೆ ಕಾಡು, ಘಟ್ಟ ಸುತ್ತಿಕೊಂಡು ಆಸ್ಪತ್ರೆ ಹುಡುಕಬೇಕಿತ್ತು. ಬೇಸಿಗೆಯಲ್ಲಿ ನೀರು ತಗ್ಗಿದರೆ ಲಾಂಚಿನವರು ವಾಹನ ಹತ್ತಿಸುತ್ತಿರಲಿಲ್ಲ. ಅಂದರೆ ನೀರು ಹೆಚ್ಚಿದ್ದಕ್ಕೆ ರಸ್ತೆ ಇರಲಿಲ್ಲ, ನೀರು ಕಡಿಮೆಯಾದದ್ದಕ್ಕೆ ಲಾಂಚ್ ಇರಲಿಲ್ಲ. ಎರಡಕ್ಕೂ ಕಾರಣ ಮಳೆ. ಸರ್ಕಾರ ಪಾಪ ಏನು ಮಾಡೀತು.

2018ರಲ್ಲಿ ಅಡಿಗಲ್ಲು ಬಿತ್ತು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಮೀರಿದ ತೂಗುಕೇಬಲ್ಲಿನ ಸೇತುವೆಯನ್ನು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ನಾನೂರು ಕೋಟಿಗೂ ಹೆಚ್ಚು ಖರ್ಚಿನ ಕೆಲಸ, ನೋಡಲು ಚೆಂದವೇ ಇದೆ, ಸುಳ್ಳು ಹೇಳಬಾರದು. ಆದರೆ ಮುಖ್ಯಮಂತ್ರಿ ಸಿದ್ದರಾಮಯ್ಯ ಬರಲಿಲ್ಲ. ನಮ್ಮನ್ನು ಕೇಳದೆ ದಿನ ಗೊತ್ತು ಮಾಡಿದ್ದಾರೆ ಎಂದು ರಾಜ್ಯದವರು, ಆಹ್ವಾನ ಕಳಿಸಿದ್ದೇವೆ ಎಂದು ಕೇಂದ್ರದವರು. ಅರವತ್ತು ವರ್ಷ ಸೇತುವೆಗೆ ಕಾದವರ ಊರಿನಲ್ಲಿ ದೊಡ್ಡ ಸುದ್ದಿಯಾದದ್ದು ಒಂದು ಆಮಂತ್ರಣ ಪತ್ರ. ಬಹುಶಃ ಅದೂ ಕೊನೆಯ ಲಾಂಚ್ ತಪ್ಪಿಸಿಕೊಂಡಿರಬೇಕು.

ಇಷ್ಟಾದ ಮೇಲೆ ಶುರುವಾಯಿತು ನೋಡಿ ನಿಜವಾದ ಶೋಕಾಚರಣೆ. ವರ್ಷಕ್ಕೊಮ್ಮೆ ದರ್ಶನಕ್ಕೆ ಬರುವ ನಗರದವರು, ‘ಲಾಂಚ್‌ನ ಮಜಾನೇ ಬೇರೆ ಇತ್ತು, ಈಗ ಬರೀ ಸೇತುವೆ’ ಎಂದು ಕಣ್ಣೊರೆಸಿಕೊಂಡರು. ಲಾಂಚಿಗೆ ಕಾಯುತ್ತ ಪರೀಕ್ಷೆ ತಪ್ಪಿಸಿಕೊಂಡ ತುಮರಿಯ ಹುಡುಗನಿಗೆ ಆ ಮಜಾ ಅರ್ಥವಾಗಿರಲಿಲ್ಲ, ರಸಿಕತೆ ಸಾಲದು. ಸೇತುವೆಯ ನಡುವೆ ಕಾರು ನಿಲ್ಲಿಸಿ, ಕೇಬಲ್ ಹಿನ್ನೆಲೆಗೆ ಬರುವಂತೆ ಸೆಲ್ಫಿ ತೆಗೆದುಕೊಂಡೇ ಈ ದುಃಖ ತೋಡಿಕೊಂಡರು ಎನ್ನುವುದು ಬೇರೆ ಮಾತು.

ಅಂಥವರು ನಿರಾಶರಾಗಬೇಕಿಲ್ಲ. ಹೊಳೆಬಾಗಿಲಿನಲ್ಲಿ ರಿಬ್ಬನ್ ಕತ್ತರಿಸುವ ಹೊತ್ತಿಗೂ ಅದೇ ಹಿನ್ನೀರಿನ ಹಸಿರುಮಕ್ಕಿಯ ಜನಕ್ಕೆ ಲಾಂಚೇ ಗತಿಯಾಗಿತ್ತು. ಅಲ್ಲೂ ಸೇತುವೆಗೆ ಕಂಬ ನೆಟ್ಟು ವರ್ಷಗಳೇ ಆಗಿದ್ದವು. ಹಾಗಾಗಿ ಲಾಂಚ್ ನೋಡಬೇಕೆನ್ನುವವರು ರಜೆ ಹಾಕಲು ಅಷ್ಟೇನೂ ಅವಸರ ಮಾಡಬೇಕಿರಲಿಲ್ಲ.