ಸತ್ಯಾಂಶ: ಮದುವೆಯಲ್ಲಿ ಹಾಡು ಹಾಕಿದರೆ ಸಂಗೀತ ಸಂಘಕ್ಕೆ ದಂಡ ಕಟ್ಟಬೇಕೇ?

ಮದುವೆಯಲ್ಲಿ ಸಿನಿಮಾ ಹಾಡು ಹಾಕಿದರೆ ಸಂಗೀತ ಕಂಪನಿಗಳ ಸಂಘದವರು ಬಂದು ಸ್ಥಳದಲ್ಲೇ ದಂಡ ವಸೂಲಿ ಮಾಡುತ್ತಾರೆ ಎಂಬ ಸಂದೇಶ ಹಾಸನದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

1936ರಲ್ಲಿ ಆರಂಭವಾದ ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಎಂಬುದು ಧ್ವನಿಮುದ್ರಣ ಕಂಪನಿಗಳ ವ್ಯಾಪಾರ ಸಂಘ. ಸರ್ಕಾರದ ಮುಂದೆ ಸದಸ್ಯ ಕಂಪನಿಗಳ ಪರವಾಗಿ ಮಾತನಾಡುವುದು ಮತ್ತು ನಕಲಿ ಹಾವಳಿಯ ವಿರುದ್ಧ ಹೋರಾಡುವುದು ಅದರ ಕೆಲಸವೇ ಹೊರತು, ಯಾರಿಗೂ ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ. ಸಾರ್ವಜನಿಕವಾಗಿ ಹಾಡು ನುಡಿಸಲು ಪರವಾನಗಿ ನೀಡುವ ಪಿಪಿಎಲ್ ಮತ್ತು ಐಪಿಆರ್‌ಎಸ್ ಬೇರೆಯೇ ಸಂಸ್ಥೆಗಳು. ಅವು ಶುಲ್ಕ ಕೇಳಬಹುದು, ನ್ಯಾಯಾಲಯಕ್ಕೆ ಹೋಗಬಹುದು, ಆದರೆ ದಂಡ ಹಾಕುವುದು ನ್ಯಾಯಾಲಯಕ್ಕೆ ಬಿಟ್ಟದ್ದು.

ಮುಖ್ಯವಾದ ಅಂಶ ಇನ್ನೊಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಧಾರ್ಮಿಕ ಸಮಾರಂಭಗಳಲ್ಲಿ ಹಾಡು ನುಡಿಸುವುದಕ್ಕೆ ವಿನಾಯಿತಿ ನೀಡಿದ್ದು, ಮದುವೆಯ ಮೆರವಣಿಗೆಯೂ ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮಗಳೂ ಅದರಲ್ಲಿ ಸೇರಿವೆ ಎಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಕೇಂದ್ರ ಸರ್ಕಾರವೂ 2023ರ ಜುಲೈನಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಇದನ್ನೇ ಸ್ಪಷ್ಟಪಡಿಸಿತು. ಹೀಗಿರುವಾಗ, ಮಗಳ ಮದುವೆಗೆ ಸಾಲ ಮಾಡಿ ಛತ್ರ ಹಿಡಿದವರನ್ನು ಇಂಥ ಸಂದೇಶಗಳಿಂದ ಹೆದರಿಸುವುದು ಸರಿಯಲ್ಲ. ಛತ್ರದ ರಸೀದಿಯಲ್ಲಿ ಸಂಗೀತ ಶುಲ್ಕವೆಂಬ ಸಾಲು ಕಂಡರೆ, ಅದು ಯಾರಿಗೆ, ಯಾವ ಹಕ್ಕಿನ ಮೇಲೆ ಎಂದು ಲಿಖಿತವಾಗಿ ಕೇಳಿ.

ಸಕಲೇಶಪುರದ ರೆಸಾರ್ಟೊಂದು ಟಿಕೆಟ್ ಮಾರಿ ನಡೆಸುವ ಹೊಸವರ್ಷದ ಪಾರ್ಟಿಗೆ ಮಾತ್ರ ಈ ವಿನಾಯಿತಿ ಅನ್ವಯಿಸುವುದಿಲ್ಲ. ಅಲ್ಲಿ ಪರವಾನಗಿ ಪಡೆಯಬೇಕು.